ಹಂಪು

ಸುಂಕದಕಟ್ಟೆಯಿಂದ ಮಲ್ಲೇಶ್ವರದ ಆಸ್ಪತ್ರೆವರೆಗೆ
ಹನ್ನೊಂದು ಹಂಪು. ಲೆಕ್ಕ ನನಗೆ ಗೊತ್ತು,
ನಾಲ್ಕು ನಾನೇ ಹಾಕಿದ್ದು:
ಡಾಂಬರು ಸುರಿದು, ದಮ್ಮಸು ಹೊಡೆದು,
ಬೆಳಗಿನ ಜಾವ, ಗಾಡಿ ಕಮ್ಮಿ ಇರುವಾಗ.

ಆಟೋ ಒಂದೊಂದನ್ನೂ ಹತ್ತಿ ಇಳಿದಾಗ
ಬಲಗಡೆ ಹೊಟ್ಟೆಯೊಳಗೆ ಯಾರೋ ಗುದ್ದಲಿ ಆಡಿಸಿದಂತೆ.
‘ನಿಧಾನ ಕಣಣ್ಣ’ ಅಂದಳು ಮಾದೇವಿ.
‘ಯಾವ ನನ್ಮಗ ಹಾಕಿದ್ನೋ ಇದನ್ನ’ ಅಂದ ಡ್ರೈವರು.
ನಾನು ಬಾಯಿ ಬಿಡಲಿಲ್ಲ.

ಡಾಕ್ಟರಮ್ಮ ಇನ್ನೂ ಚಿಕ್ಕವರು.
ಮೆಲ್ಲಗೆ ಒತ್ತಿ, ತಟ್ಟನೆ ಕೈ ತೆಗೆದರು. ಜೀವ ಹೋಗಿ ಬಂತು.
‘ಬರ್ತಾ ಹಂಪಲ್ಲಿ ನೋವು ಜಾಸ್ತಿ ಆಯ್ತಾ?’
ಆಯ್ತು ಅಂದೆ. ಬರೆದುಕೊಂಡರು.
ನನ್ನ ಕೆಲಸವನ್ನು ಯಾರಾದರೂ
ಬರೆದುಕೊಂಡದ್ದು ಅದೇ ಮೊದಲು.

ಕಿರುಬೆರಳಷ್ಟಿತ್ತಂತೆ, ಊದಿ, ಕೀವು ತುಂಬಿ.
ಇಲ್ಲದಿದ್ದರೂ ನಡೆಯುತ್ತೆ ಅಂದರು.
ನಲವತ್ತಾರು ವರ್ಷ ಹೊತ್ತು ತಿರುಗಿದವನಿಗೆ
ಬೀಳ್ಕೊಡುವ ಮಾತು ಹೊಳೆಯಲಿಲ್ಲ.

ಆಮೇಲೆ ವಾರ್ಡಿಗೆ ವಾರ್ಡೇ ಕಾದದ್ದು ಒಂದು ಹೂಸಿಗೆ.
ಸಿಸ್ಟರ್ ಮೂರು ಹೊತ್ತೂ ‘ಗ್ಯಾಸ್ ಹೋಯ್ತಾ?’
ಪಕ್ಕದ ಮಂಚದ ರುದ್ರೋಜಿ ರಾಯರೂ ಕೇಳುವರು.
ಎರಡನೇ ರಾತ್ರಿ ಹೋಯ್ತು.
ರಾಯರು ಚಪ್ಪಾಳೆ ತಟ್ಟಿದರು.
ನಕ್ಕರೆ ಹೊಲಿಗೆ ಚುರ್ರೆನ್ನುತ್ತೆ,
ದಿಂಬು ಒತ್ತಿಕೊಂಡೇ ನಕ್ಕೆ.

ಆರು ವಾರ ಭಾರ ಎತ್ತಬಾರದು.
ಕೂಲಿ ಇಲ್ಲದ ಆರು ವಾರವನ್ನು
ಯಾರು ಎತ್ತಬೇಕೆಂದು ಚೀಟಿಯಲ್ಲಿ ಬರೆದಿಲ್ಲ.
ಮಾದೇವಿ ಅದನ್ನು ಮಡಿಸಿ ಸೆರಗಿಗೆ ಗಂಟು ಹಾಕಿದಳು.

ವಾಪಸು ಬರುವಾಗ ನನ್ನದೊಂದರ ಹತ್ತಿರ
ಆಟೋ ನಿಲ್ಲಿಸಿ ಇಳಿದೆ, ಹೊಟ್ಟೆಗೆ ಕೈ ಕೊಟ್ಟು.
ಚಪ್ಪಲಿ ಇಟ್ಟು ಅಳೆದೆ.
ಎರಡು ಬೆರಳು ಎತ್ತರ ಜಾಸ್ತಿ.
ಮೇಸ್ತ್ರಿಗೆ ಅವತ್ತೇ ಹೇಳಿದ್ದೆ.