ಯಾವ ಊರು ಛಲೋ ಅಂದ್ರ

ಯಾವ ಊರು ಛಲೋ ಅಂತ ಕೇಳಿದಿ, ಪ್ರಭೂ.
ಡಾರ್ವಿನ್ನಿನ ಸೆಕಿ ತಡಿಲಾರದ, ಮಂದಿ ಸಿಗಲಾರದ,
ಹೋಟೆಲ್ಲಿನ ಅಡಗಿಮನಿ ಹಿಂದ ನಿಂತು ಕೇಳಿದಿ.
ನಾ ಏನ್ ಹೇಳಲಿ? ನಾ ಊರು ನೋಡೂದು
ಹಿತ್ತಲ ಬಾಗಲದಿಂದ, ಜಿನೆದ ತಿರುವಿನಿಂದ,
ಯಾರದೋ ಫ್ರಿಜ್ಜು ಹೆಗಲ ಮ್ಯಾಲ ಇಟಗೊಂಡು.

ಸಿಡ್ನಿ ಐತಲ್ಲ, ಅದು ಮೆಟ್ಟಲದ ಊರು.
ಆಕ್ಸ್‌ಫರ್ಡ್ ಸ್ಟ್ರೀಟಿನ ಹಿಂದಿನ ಓಣ್ಯಾಗ
ಲಾರಿ ನಿಂದರಸಾಕ ಜಾಗಾ ಇಲ್ಲ,
ಹುಡುಗರು ನಿಂದರಾಕ ಐತಿ.
ಶುಕ್ರವಾರ ರಾತ್ರಿ ಎದಿ ಉಬ್ಬಿಸಿ ನಿಂತಿರತಾರ
ಕಣದಾಗ ಜೋಡಿ ಕಾಯೋ ಪೈಲವಾನರಂಗ,
ಯಾರೂ ಯಾರಿಗೂ ಕೈ ಕೊಡೂದಿಲ್ಲ.
ನಾನೂ ಒಂದು ವರ್ಷ ನಿಂತೆ.
ಒಬ್ಬಾಂವ ತೋಳು ಮುಟ್ಟಿ, ಯಾವ ಜಿಮ್ ಅಂದ.
ಮಂದೀ ಕಪಾಟು, ಅಂದೆ. ನಕ್ಕ.
ಬೆಳಿಗ್ಗೆ ಹೆಸರು ಕೇಳಿದ.
ಫಕ್ಕೀರೇಶ. ಫಕ್ಕೀರೇಶ. ಫಕ್ಕೀರೇಶ.
ಫ್ರ್ಯಾಂಕ್ ಅಂತ ಫೋನಿನ್ಯಾಗ ಬರಕೊಂಡ.

ಮೆಲ್ಬರ್ನ್ ಬ್ಯಾರೆ.
ಅಲ್ಲಿ ಎದಿ ತೋರಸೂದಿಲ್ಲ, ಕೋಟು ತೋರಸತಾರ.
ಸ್ಮಿತ್ ಸ್ಟ್ರೀಟಿನ ಟ್ರಾಮಿನ್ಯಾಗ
ಯಾರು ನಮ್ಮ ಮಂದಿ,
ಯಾರು ಬರೇ ಚಂದಗೆ ಕಟಿಂಗ್ ಮಾಡಿಸಿದ ಮಂದಿ,
ದೇವರಾಣೆ ಗೊತ್ತಾಗೂದಿಲ್ಲ.
ಪುಸ್ತಕದ ಪೆಟ್ಟಿಗಿ ಹೊತ್ತು ಹೊತ್ತು
ನನ್ನ ನಡಾ ಹೋಗಿದ್ದು ಅದ ಊರಾಗ.
ನಮ್ಮ ಕಡೇ ಹುಡುಗರದೊಂದು ಗುಂಪೂ ಐತಿ.
ತಿಂಗಳಿಗೊಮ್ಮೆ ಪಾರ್ಕಿನ್ಯಾಗ ಡಬ್ಬಿ ಬಿಚ್ಚತಾರ.
ಅಡ್ಡಹೆಸರು ಕೇಳಿದ್ರು, ಹೇಳಿದೆ.
ಕೆಲಸಾ ಕೇಳಿದ್ರು, ಹೇಳಿದೆ.
ಒಬ್ಬ ಹಲ್ಲಿನ ಡಾಕ್ಟರು ಸಮೋಸಾ ಮುರಕೊಂತ
ಬ್ಯಾರೆ ಕಡೆ ತಿರುಗಿದ.
ಖರೆ ಹೇಳಬೇಕಂದ್ರ, ಅಲ್ಲೇ ಬೀದರದ ತಯ್ಯಬ್
ಕಡೀ ಉಳ್ಳಾಗಡ್ಡಿ ಭಜಿ ನನಗಂತ ತೆಗೆದಿಟ್ಟಿದ್ದ.
ಅದನ್ನೂ ಲೆಕ್ಕದಾಗ ಹಿಡಿ.

ಅಡಿಲೇಡಿನ್ಯಾಗ ಎಲ್ಲಾರಿಗೂ ಎಲ್ಲಾರೂ ಗೊತ್ತು.
ನಿನ್ನ ಹೊಸಾ ಗೆಳ್ಯಾ
ನಿನ್ನ ಹಳೇ ಗೆಳ್ಯಾನ ಹಳೇ ಗೆಳ್ಯಾ ಆಗಿರತಾನ.
ಫೋನು ಹಿಡಕೊಂಡು ಎರಡು ಹರದಾರಿ ಸರದ್ರೂ
ಅವ ಹನ್ನೊಂದು ಮುಖಾ,
ಅದರಾಗ ಮೂರಕ್ಕ ತಲೀ ಇಲ್ಲ, ಬರೇ ಹೊಟ್ಟಿ.
ಒಂಬತ್ತಕ್ಕ ಊರು ಮಲಗತೈತಿ.
ಲಿಫ್ಟು ಅಗಲ ಅದಾವು. ಬಾಡಿಗಿ ಸೋವಿ.

ಹೋದ ಮಂಗಳವಾರ ಸಿಡ್ನಿಯಾಗ ಒಂದು ಮನಿ ಹೇರಿದೆ.
ಕ್ಲೈವ್ ಅಂತ ಮುದುಕ. ಒಂದ ಮನ್ಯಾಗ ನಲವತ್ತೊಂದು ವರ್ಷ.
ಪೆಟ್ಟಿಗಿ ಮ್ಯಾಲ ಸೀಸದಕಡ್ಡಿಲೆ ಬರದಿದ್ದ:
ನಂದು. ನಂದು. ರೆಜ್‌ಂದು. ನಂದು. ರೆಜ್‌ಂದು.
ರೆಜ್ ಎಲ್ಲಿ ಅಂದೆ.
ತೊಂಬತ್ತೊಂದರಾಗ ಹೋದ, ಅಂದ.
ಆವಾಗ ಈ ಓಣ್ಯಾಗ ವಾರಾ ವಾರಾ ಯಾರರೆ ಹೋಗತಿದ್ರು,
ಕರೀ ಸೂಟು ಇಸ್ತ್ರಿಯವನ ಹತ್ರನ ಇರತಿತ್ತು.
ಈಗಿನ ಹುಡುಗರು ನನ್ನ ಕಂಬದಂಗ ಸುತ್ತು ಹಾಕಿ ಹೋಗತಾರ.

ಹೊಂಟಿದ್ದು ಹೇ ಅನ್ನೋ ಊರಿಗೆ.
ಹೌದೋ, ಅದ ಹೆಸರು. ಹೇ. ಯಾರೋ ಕರದಂಗ.
ನವಲಗುಂದದ ಎರಿ ಹೊಲದಂಗ ಸಪಾಟ,
ಕಣ್ಣು ಎತ್ತಾಗ ಒಗದ್ರೂ ತಡಿಯಾಕ ಒಂದು ಗಿಡಾ ಇಲ್ಲ.
ಅಲ್ಲಿ ಯಾರದಾರ ಅಂದೆ.
ನಮ್ಮಂಥವರು ಮೂರು ಮಂದಿ, ಅಂದ.
ಗುರುವಾರ ಗುರುವಾರ ಇಸ್ಪೀಟು.
ನಾಲ್ಕನೇ ಕೈ ಬೇಕಾಗಿತ್ತು.

ನನ್ನ ಜೋಡಿ ಬಂದ ಡ್ರಾಗನ್ ಹೊಟ್ಟಿನೋವಂತ ದಾರ್ಯಾಗ ಉಳದ.
ಹೇಯೊಳಗ ಡಬಲ್ ಗಾದಿ ಮುಂದ ನಾ ಒಬ್ಬನ.
ಅದನ್ನ ಒಬ್ಬ ಎತ್ತಿದ್ರ ಮಡಚಿ ಮೈಮ್ಯಾಲ ಬೀಳತೈತಿ.
ಮೂರು ಮುದುಕರು ಬಂದ್ರು, ಒಬ್ಬಗ ಬಡಿಗಿ.
ಬಡಿಗಿ ಗ್ವಾಡಿಗೆ ಆನಿಸಿ ಮೂಲಿ ಹಿಡದ.
ಆಮ್ಯಾಲ ಚಹಾ ಕುಡಿಯೂವಾಗ ಹೆಸರು ಕೇಳಿದ್ರು.
ಒಮ್ಮೆ ಹೇಳಿದೆ.
ಮೂವರೂ ಕೂಡಿ ಕೂಡಿ ಅಂದು ನೋಡಿದ್ರು,
ಪೂರಾ ಹೆಸರು, ಒಂದು ಕ್ಕ ಅಷ್ಟ ಬಿಟ್ಟು.

ಹಂಗಂತ ಹೇಗೆ ಬಾ ಅನ್ನೂದಿಲ್ಲ.
ನೊಣಾ ಭಾಳ. ಕೊತಂಬರಿ ಸಿಗೂದಿಲ್ಲ.
ನಿನಗಿನ್ನೂ ಇಪ್ಪತ್ತಾರು, ಮೊದಲ ಸಿಡ್ನಿಗೆ ಹೋಗು,
ಒಂದು ವರ್ಷ ನೀನೂ ಎದಿ ಉಬ್ಬಿಸಿ ನಿಂದರು.
ಸಾಮಾನು ಕಡಿಮಿ ಇಟಗೋ.
ಗಾದಿ ಮಾತ್ರ ಸಿಂಗಲ್ ತಗೋಬ್ಯಾಡ.