ಗುರಿ ತಪ್ಪಿದ ದಿನಗಳ ಮೀನು

ಏಳು ವರ್ಷ ಗುರಿ ತಪ್ಪುತ್ತಲೇ ಇತ್ತು.
ಮಾ ನದಿಯ ಸೇತುವೆಗೆಂದು ಎಸೆದದ್ದು
ನೀರಿಗೆ, ಗದ್ದೆಗೆ, ಬೂಯಿ ಅಜ್ಜನ ಬಾತುಕೋಳಿ ಗೂಡಿಗೆ,
ಒಮ್ಮೆ ನಮ್ಮ ಶಾಲೆಗೆ.
ಅದನ್ನು ಇನ್ನೊಂದು ದಿನ ಹೇಳುತ್ತೇನೆ.

ನೀರಿಗೆ ಬಿದ್ದ ದಿನ
ಮೀನು ಹೊಟ್ಟೆ ಮೇಲಾಗಿ ತೇಲಿ ಬರುತ್ತಿತ್ತು.
ಸೈರನ್ನು ನಿಲ್ಲುವ ಮೊದಲೇ ಅವ್ವ ಬುಟ್ಟಿ ಹಿಡಿದು ಓಡುವಳು,
ಉಪ್ಪು ಬೆರೆಸಿ ಜಾಡಿಗೆ ತುಂಬುವಳು.
ಆ ವರ್ಷಗಳ ಮೀನುರಸಕ್ಕೆ ಕಬ್ಬಿಣದ ವಾಸನೆಯೆಂದು
ಅಕ್ಕ ಖುಯೆನ್ ಮುಟ್ಟುತ್ತಿರಲಿಲ್ಲ.
ನಾನು ಉಂಡೆ.

ಎಪ್ಪತ್ತೆರಡರ ಮೇ. ಮೋಡವಿಲ್ಲ.
ವಿಮಾನ ಎಷ್ಟು ಎತ್ತರವೆಂದರೆ
ಅಕ್ಕ ಬಂದೂಕು ಎತ್ತಿ, ಸುಮ್ಮನೆ ಇಳಿಸಿದಳು.
ಒಂದು ಬರೀ ಸುತ್ತುತ್ತಿತ್ತು,
ಕೊಳ್ಳಲು ಬಂದವನು ಎಮ್ಮೆ ನೋಡುವ ಹಾಗೆ.
ಕಾಣದ ಬೆಳಕೊಂದು ಅಷ್ಟರಲ್ಲಿ
ಸೇತುವೆಯ ಪಕ್ಕೆಗೆ ಬೆರಳಿಟ್ಟಿತ್ತಂತೆ;
ಬಾಂಬು ಅದನ್ನೇ ಹಿಡಿದು ಇಳಿಯಿತಂತೆ,
ಕುರುಡ ಗೋಡೆ ಸವರುತ್ತ ಮನೆ ಸೇರುವಂತೆ.
ಇದೆಲ್ಲ ಆಮೇಲೆ ತಿಳಿದದ್ದು.

ಅವತ್ತು ಅವ್ವ ಅಂದದ್ದು ಇಷ್ಟೇ:
"ಕಣ್ಣು ತಗುಲಿತು."

ಉಕ್ಕು ನೀರಲ್ಲಿ ಮಂಡಿಯೂರಿತ್ತು.
ಅಭ್ಯಾಸ ನೋಡಿ, ಬುಟ್ಟಿ ಹಿಡಿದು ಇಳಿದಳು,
ಕತ್ತಲಾಗುವ ತನಕ ನಿಂತಳು.
ಒಂದೂ ತೇಲಿ ಬರಲಿಲ್ಲ.

ಇಂಥದ್ದು ಮೊದಲೇ ಇದ್ದಿದ್ದರೆ
ಶಾಲೆ ಉಳಿಯುತ್ತಿತ್ತಲ್ಲ, ಅಜ್ಜಿ,
ಎನ್ನುತ್ತಾನೆ ಎಂಜಿನಿಯರಿಂಗ್ ಓದುವ ಮೊಮ್ಮಗ.
ಇರಬಹುದು ಮಗೂ.
ಬೆರಳು ಯಾರದು, ಏನನ್ನು ತೋರುತ್ತದೆ,
ಅದು ಬೆಳಕಿಗೇನು ಗೊತ್ತು?

ಅವ್ವ ಆ ಬೇಸಿಗೆ ಪೂರ್ತಿ
ಮುಖ ತೊಳೆಯುವ ಮೊದಲು
ಹೊರಗೆ ಬಂದು ಮೋಡ ಹುಡುಕುತ್ತಿದ್ದಳು.
ಜಾಡಿಯಲ್ಲಿ ಉಪ್ಪು ಹಾಗೇ ಗಟ್ಟಿಯಾಯಿತು.