ಅಳೆದೂ ಸುರಿದೂ

ಲಿಫ್ಟ್ ಮಾರುವುದು ನನ್ನ ಕಸುಬು.
ಮನುಷ್ಯರನ್ನೆತ್ತುವುದಲ್ಲ, ಕಾರುಗಳನ್ನೆತ್ತುವುದು.
ಫಾಲುನ್‌ನಿಂದ ಉತ್ತರಕ್ಕೆ, ಸರೋವರ ಬಳಸಿ ಹೋದೆ.
ಮಾರ್ಚ್ ತಿಂಗಳು. ರಸ್ತೆಯ ಎರಡೂ ಬದಿ
ಮಸಿಬಟ್ಟೆ ಬಣ್ಣದ ಹಳೆಯ ಹಿಮ.

ಹಿಲ್ಡಿಂಗ್ ಬಾಗಿಲಲ್ಲೇ ಕಾದಿದ್ದ.
ಅಜ್ಜನ ಕಮ್ಮಾರಸಾಲೆ ಈಗ ಗ್ಯಾರೇಜು,
ಕುಲುಮೆ ಇದ್ದಲ್ಲಿ ಅರವತ್ತೆರಡರ ವೋಲ್ವೋ,
ಮಜ್ಜಿಗೆ ಬಿಳುಪು, ಒರೆಸಿ ಒರೆಸಿ ತೆಳುವಾದದ್ದು.
ಪಕ್ಕದಲ್ಲಿ, ಕಂಬಳಿ ಹೊದ್ದು, ಬೆನ್ನು ಬಾಗಿದ ಸಾಬ್.
‘ಮಂಡಿ ಹೋಗಿದೆ’ ಅಂದ.
ಕಾರಿನದೋ ತನ್ನದೋ ಹೇಳಲಿಲ್ಲ.

ಕ್ಯಾಟಲಾಗ್ ಬಿಚ್ಚಿದೆ.
ಎರಡು ಕಂಬದ್ದಾದರೆ ಚಕ್ರಗಳು ಗಾಳಿಯಲ್ಲಿ ಜೋಲುತ್ತವೆ,
ಹೊಟ್ಟೆಯೆಲ್ಲ ಕೈಗೆಟಕುತ್ತದೆ.
ಆದರೆ ನೆಲ ಗಟ್ಟಿಯಿರಬೇಕು, ಕಾರಿನ ಅಡಿಯೂ.
ಹಳೆ ಕಾರಿನ ತಗಡು ಎಷ್ಟೋ ಸಲ
ಬಣ್ಣದ ಮೇಲಿನ ನಂಬಿಕೆಯಿಂದಷ್ಟೇ ನಿಂತಿರುತ್ತದೆ.
ನಾಲ್ಕು ಕಂಬದ್ದು ಮಂಚದ ಹಾಗೆ:
ಮೇಲೊಂದು ಮಲಗಲಿ, ಕೆಳಗೊಂದು ಮಲಗಲಿ.

ಕ್ಯಾಟಲಾಗಿನಲ್ಲಿ ಇಲ್ಲದ ಒಂದು ಮಾತುಂಟು.
ಮೇಲೆ ಹತ್ತಿದ ಕಾರು ತಿರುಗಿ ಇಳಿದದ್ದನ್ನು
ಇಪ್ಪತ್ತೆರಡು ವರ್ಷದಲ್ಲಿ ನಾನು ಬಹಳ ಕಂಡಿಲ್ಲ.
ಅದನ್ನು ಹೇಳುವುದಿಲ್ಲ. ಹೇಳಿದರೆ ಕಮಿಷನ್ ಇಲ್ಲ.

ನೆಲಕ್ಕೆ ಡ್ರಿಲ್ ಇಟ್ಟೆ.
ಏಳೇ ಸೆಂಟಿಮೀಟರಿಗೆ ಕಾಂಕ್ರೀಟು ಮುಗಿದು ಮರಳು ಬಂತು,
ಮರಳಿನೊಡನೆ ಕಿಟ್ಟ,
ಅವರಜ್ಜ ಕಾಯಿಸಿ ಬಡಿದು ಚೆಲ್ಲಿದ್ದು.
ಎರಡು ಕಂಬದ ಮಾತು ಅಲ್ಲಿಗೆ ನಿಂತಿತು.

ಟೇಪು ಹಿಡಿದೆ. ಕೆಳಗಿನ ವೋಲ್ವೋ ನೂರೈವತ್ತು,
ಮೇಲಿನ ಸಾಬ್ ನೂರನಲವತ್ತೇಳು,
ನಡುವಿನ ಹಾಸುಗಬ್ಬಿಣ ಹದಿಮೂರು,
ಉಸಿರಾಡಲು ಒಂಬತ್ತು.
ಸೂರಿನ ಎತ್ತರ ಸರಿಯಾಗಿ ಮುನ್ನೂರ ಹತ್ತು.
ಉಸಿರೊಂದು ಬಿಟ್ಟು ಎಲ್ಲ ಹಿಡಿಸುತ್ತಿತ್ತು.

ತಲೆಯ ಮೇಲೆ, ಹಲಗೆಯಾಚೆ, ಟಕ್ ಟಕ್.
‘ಮಾಯ್ವೂರ್’ ಅಂದ, ‘ಮಗ್ಗ.’
‘ಅಟ್ಟ ಎತ್ತಿಸಬಹುದು’ ಅಂದೆ.
ಟಕ್ ಟಕ್ ನಿಂತಿತು.

ತೋಳಿಗಂಟಿದ ಕೆಂಪು ನೂಲಿನೊಡನೆ ಅವಳು ಇಳಿದು ಬಂದಳು.
ಸಾಬ್ ಅವಳದು. ಹಿಂದಿನ ಸೀಟಿನ ತುಂಬ
ಲಾಳಿ, ಹಣಿಗೆ ಹೇರಿಕೊಂಡು
ಆ ಕಾಲಕ್ಕೆ ಊರೂರಿಗೆ ನೇಯ್ಗೆ ಕಲಿಸಲು ಹೋದವಳು,
ಹೋದಲ್ಲೆಲ್ಲ ನೀಲಿ ಹೊಗೆ ಬಿಟ್ಟವಳು.
‘ಸಾಬ್ ಮೇಲಿರಲಿ’ ಅಂದ ಹಿಲ್ಡಿಂಗ್, ‘ಹೇಗೂ ಓಡುವುದಿಲ್ಲ.’
‘ಓಡದ್ದನ್ನೆಲ್ಲ ಮೇಲೆ ಕಳಿಸುವುದಾದರೆ’
ಅವಳು ಅವನ ಮಂಡಿ ನೋಡಿದಳು, ‘ಸರದಿ ಯಾರದು?’

ನನ್ನ ಕೈಯಿಂದ ಟೇಪು ತೆಗೆದುಕೊಂಡಳು.
ಮೂಲೆಯಲ್ಲಿದ್ದ ಹಾಲು ಕರೆಯುವ ಸ್ಟೂಲು ಎಳೆದು
‘ಕೂರು’ ಅಂದಳು. ಕೂತ.
ನೆಲದಿಂದ ಅವನ ನೆತ್ತಿಗೆ ನೂರೆಂಟು.
ಮದುವೆಯ ಅಂಗಿಗೂ ನಾನೇ ಅಳತೆ ತೆಗೆದಿದ್ದೆ,
ಆಗ ಇದಕ್ಕಿಂತ ಉದ್ದವಿದ್ದ ಅಂದಳು.
ಆಮೇಲೆ ಕ್ಯಾಟಲಾಗ್ ತಿರುವಿ
ಮೂವತ್ತೊಂದನೆಯ ಪುಟದಲ್ಲಿ ಬೆರಳಿಟ್ಟಳು:
ಕತ್ತರಿ ಲಿಫ್ಟು. ಏರುವುದು ನೂರಿಪ್ಪತ್ತು, ಅಷ್ಟೇ.
ಎಲ್ಲಕ್ಕಿಂತ ಅಗ್ಗ.
ಯಾರೂ ನನ್ನಿಂದ ಅದನ್ನು ಕೇಳಿದ್ದಿಲ್ಲ.
‘ವೋಲ್ವೋ?’ ಹಿಲ್ಡಿಂಗ್ ದನಿ ತೆಳ್ಳಗಾಯಿತು.
‘ಬರ್ಚ್ ಮರದ ಕೆಳಗೆ. ಟಾರ್ಪಾಲು ನಾನು ಹೊಲಿಯುತ್ತೇನೆ.’

ಸೂರಿದ್ದಷ್ಟೇ ಕಾರೆತ್ತು ಎಂದು
ದಾರಿಯುದ್ದಕ್ಕೂ ಗೊಣಗಿಕೊಂಡೆ,
ಹೋದ ಕಮಿಷನ್ನನ್ನು ಕ್ರೋನರಿಗೆ ಕ್ರೋನರ್ ಲೆಕ್ಕ ಹಾಕುತ್ತ.

ಜೂನ್ ಕೊನೆಗೆ ತಪಾಸಣೆಗೆಂದು ಹೋದಾಗ
ರಾತ್ರಿ ಹತ್ತಾದರೂ ಬೆಳಕಿತ್ತು.
ಕಾರಿನ ಆಚೆಗೊಂದು ಈಚೆಗೊಂದು ಸ್ಟೂಲು.
ಸಾಬ್‌ನ ಹೊಟ್ಟೆಯಲ್ಲಿ ನಾಲ್ಕು ಕೈ,
ಯಾವುದು ಯಾರದೆಂದು ಎಣ್ಣೆಯಲ್ಲಿ ತಿಳಿಯಲಿಲ್ಲ.
ಸ್ಪ್ಯಾನರು ಆಚೆಯಿಂದ ಈಚೆಗೆ
ಲಾಳಿಯ ಹಾಗೆ ಓಡುತ್ತಿತ್ತು, ಮಾತಿಲ್ಲದೆ,
ಎರಡು ಬೈಗುಳ ಬಿಟ್ಟರೆ.

‘ಬಂದೆಯಾ’ ಅಂದಳು ಮಾಯ್ವೂರ್, ತಲೆಯೆತ್ತದೆ.
‘ಆ ದೀಪ ಹಿಡಿ. ಇನ್ನೂ ಕೆಳಗೆ. ಎಡಕ್ಕೆ.’
ಮೂರನೆಯ ಸ್ಟೂಲು ಇರಲಿಲ್ಲ.
ನೆಲಕ್ಕೆ ಕುಕ್ಕರಗಾಲಲ್ಲಿ ಕೂತೆ,
ನನ್ನ ಮಂಡಿ ಲಟಕ್ಕೆಂದಿತು.
ಹಿಲ್ಡಿಂಗ್ ಆಚೆಯಿಂದ ಒಮ್ಮೆ ಬಗ್ಗಿ ನೋಡಿದ.